ದಾರಿ ಕೇಳದ ನಕ್ಷೆ ಮೇಷ್ಟ್ರು

ನಕ್ಷೆ ಮೇಷ್ಟ್ರಿಗೆ ಆ ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಅವರ ನಿಜವಾದ ಹೆಸರೂ ಯಾರಿಗೂ ನೆನಪಿಲ್ಲ, ಬಿಡಿ. ಭೂಗೋಳದ ಪಾಠ ಹೇಳುತ್ತಲೇ ತಲೆಗೂದಲು ಬೆಳ್ಳಗಾಗಿಸಿಕೊಂಡ ಮನುಷ್ಯ. ಪುಸ್ತಕ ಮುಚ್ಚಿಟ್ಟು, ಮಕ್ಕಳ ಕಡೆಗೇ ಮುಖ ಮಾಡಿಕೊಂಡು, ಕೈ ಹಿಂದಕ್ಕೆ ಚಾಚಿ ಕಪ್ಪು ಹಲಗೆಯ ಮೇಲೆ ಒಂದು ದೇಶದ ಗಡಿಯನ್ನು ಸರಸರನೆ ಎಳೆದುಬಿಡುತ್ತಿದ್ದರು. ಹಿಂದಿನ ಬೆಂಚಿನ ತುಂಟರು ಕೂಡ ಆಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮೇಷ್ಟ್ರಿಗೆ ಬೇಕಾಗಿದ್ದದ್ದೂ ಅದೇ.

ಅವರ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಹುಟ್ಟಿದಾರಭ್ಯ ಅವರು ಯಾರನ್ನೂ ದಾರಿ ಕೇಳಿದವರಲ್ಲ. ಒಮ್ಮೆ ನೆಂಟರ ಮನೆಯ ಸಮಾರಂಭಕ್ಕೆಂದು ಹೆಂಡತಿ ಮಗಳನ್ನು ಕರೆದುಕೊಂಡು ಹೊರಟು, ಇಡೀ ಊರು ಸುತ್ತಿ, ಕೊನೆಗೆ ಬಾಡಿಗೆ ಕುರ್ಚಿಗಳನ್ನು ಗಾಡಿಗೆ ಏರಿಸುತ್ತಿದ್ದ ಹೊತ್ತಿಗೆ ಹೋಗಿ ತಲುಪಿದ್ದರು. ಹೆಂಡತಿಯ ಮುಖ ಊದಿಕೊಂಡಿತ್ತು. ಮೇಷ್ಟ್ರು ಮಾತ್ರ, "ಊರು ನೋಡಿದ ಹಾಗಾಯ್ತಲ್ಲ" ಅಂದು ಕೈ ತೊಳೆದುಕೊಂಡರು. ದಾರಿ ಕೇಳುವುದೆಂದರೆ ತನಗೆ ನಕ್ಷೆ ಓದಲು ಬರುವುದಿಲ್ಲ ಎಂದು ಬೀದಿಯಲ್ಲಿ ನಿಂತು ಸಾರಿದ ಹಾಗೆ ಅನ್ನುವುದು ಅವರ ಲೆಕ್ಕ.

ಈ ಮೇಷ್ಟ್ರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಅಕ್ಕ. ತಾಯಿ ತೀರಿಕೊಂಡಾಗ ಅವರಿಗೆ ಅಕ್ಷರ ಕೂಡಿಸಿ ಓದಲು ಇನ್ನೂ ಬರುತ್ತಿರಲಿಲ್ಲ. ಅಕ್ಕ ಓದು ಬಿಟ್ಟು ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿ, ಅಂಗಿಗಳಿಗೆ ಕಾಲರ್ ಹೊಲಿಯುತ್ತಾ ಆಯುಷ್ಯ ಕಳೆದಳು. ಅಲ್ಲಿ ಪಾಯಿಖಾನೆಗೆ ಹೋಗಬೇಕಾದರೆ ಮೇಲ್ವಿಚಾರಕನ ಹತ್ತಿರ ಬಿಲ್ಲೆ ಕೇಳಬೇಕು; ಒಂದು ಸಾಲಿನ ಹೆಂಗಸರಿಗೆಲ್ಲ ಇದ್ದದ್ದು ಒಂದೇ ಬಿಲ್ಲೆ. "ಆ ಮೂತಿ ನೋಡ್ಕೊಂಡು ಬಿಲ್ಲೆ ಕೇಳೋದಕ್ಕಿಂತ ತಡ್ಕೊಳ್ಳೋದೇ ವಾಸಿ" ಎಂದು ಅಕ್ಕ ಮನೆಯಲ್ಲಿ ನಗುತ್ತಾ ಹೇಳುತ್ತಿದ್ದಳು. ಮದುವೆಯ ಮಾತೆತ್ತಿದವರಿಗೆಲ್ಲ, "ಇವನೊಂದು ದಡ ಸೇರ್ಲಿ" ಅನ್ನುತ್ತಾ ಕಾಲ ತಳ್ಳಿದಳು. ಇವರು ದಡ ಸೇರುವ ಹೊತ್ತಿಗೆ ಮಾತೆತ್ತುವವರೇ ಇರಲಿಲ್ಲ.

ಮೇಷ್ಟ್ರಿಗೆ ಅತಿ ಪ್ರಿಯವಾದ ಪಾಠವೆಂದರೆ ಒಂದು ಪರದೇಶದ ನಗರದ್ದು. ನದಿ ಬಳಸಿಕೊಂಡು ಹರಿಯುವ ಊರು, ನಡುವೆ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಗಡಿಯಾರದ ಗೋಪುರ. ಓದುವ ಹುಡುಗನಾಗಿದ್ದಾಗ ಅದರ ಬೀದಿಗಳ ಹೆಸರನ್ನು ಬಾಯಿಪಾಠ ಮಾಡುತ್ತಿದ್ದರೆ ಅಕ್ಕ ಹರಿದ ಬಟ್ಟೆಗೆ ತೇಪೆ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಹಾಗಾಗಿ ನಿವೃತ್ತಿಯಾದ ಮೇಲೆ ನಾಲ್ಕು ದಿನದ ಮಟ್ಟಿಗೆ ಆ ಊರಿಗೆ ಹೋಗಿಬರುವುದೆಂದು ತೀರ್ಮಾನವಾದಾಗ, "ಅಕ್ಕ ಬರದಿದ್ರೆ ನಾನೂ ಹೋಗಲ್ಲ" ಎಂದು ಪಟ್ಟು ಹಿಡಿದವರು ಮೇಷ್ಟ್ರೇ. ಅಕ್ಕ ಮಂಡಿ ನೋವು ಎಂದಳು, ವಯಸ್ಸು ಎಂದಳು. ಮೇಷ್ಟ್ರು ಕೇಳಲಿಲ್ಲ. ತಾನು ಕಲಿತದ್ದನ್ನೆಲ್ಲ ಅಕ್ಕನಿಗೆ ಒಂದು ಸಲ ಕಣ್ಣಾರೆ ತೋರಿಸಬೇಕೆಂಬ ಆಸೆ ನಿಜವಾದದ್ದೇ. ಅವಳ ಮುಂದೆ ಸ್ವಲ್ಪ ಮೆರೆಯಬೇಕೆಂಬ ಆಸೆ ಅದಕ್ಕಿಂತ ನಿಜವಾದದ್ದು.

ಮೊದಲ ದಿನ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟ್ರಾಮಿನ ಕಿಟಕಿಯಿಂದ ಕೈ ತೋರಿಸಿ, ಈಗ ಸೇತುವೆ ಬರುತ್ತೆ ಅಂದರೆ ಸೇತುವೆ ಬಂತು; ಈಗ ಮಾರುಕಟ್ಟೆ ಅಂದರೆ ಮಾರುಕಟ್ಟೆಯೂ ಬಂತು. ಅಕ್ಕ ಪ್ರತಿ ಸಲವೂ, "ಅಬ್ಬಾ, ಈ ಊರು ನೋಡೇ ಇಲ್ಲ, ಆದ್ರೂ ಎಷ್ಟು ಚೆನ್ನಾಗಿ ಹೇಳ್ತಾನೆ" ಎಂದು ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಹೇಳುತ್ತಿದ್ದಳು. ಆ ಹೆಂಗಸಿಗೆ ಒಂದಕ್ಷರ ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದಳು. ಮಗಳು ದಾರಿ ನೋಡಲೆಂದು ಫೋನ್ ತೆಗೆದರೆ ಮೇಷ್ಟ್ರು ಕಣ್ಣು ಬಿಟ್ಟರು. "ಒಳಗಿಡಮ್ಮ ಅದನ್ನ. ನಿಮ್ಮಪ್ಪ ಇರೋವಾಗ ಅದ್ಯಾಕೆ?"

ಎರಡನೆಯ ದಿನ ಗುಡ್ಡದ ಬುಡದ ಬೀದಿಯಲ್ಲಿ ಹೆಂಡತಿ ಮಗಳಿಬ್ಬರೂ ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತುಬಿಟ್ಟರು. ಅವರು ನಿಂತರೆಂದರೆ ಬೇಗ ಹೊರಡುವುದಿಲ್ಲವೆಂದು ಮೇಷ್ಟ್ರಿಗೆ ಗೊತ್ತು. "ನೀವು ಮುಗಿಸ್ಕೊಂಡು ಗಡಿಯಾರದ ಹತ್ರ ಬನ್ನಿ. ನಾನು ಅಕ್ಕನ್ನ ಹಳೇ ಬೀದಿಗಳಲ್ಲಿ ಕರ್ಕೊಂಡ್ಬರ್ತೀನಿ" ಅಂದರು.

"ರೀ, ಅತ್ತಿಗೆಗೆ ಮಂಡಿ ನೋವಿದೆ, ಜಾಸ್ತಿ ನಡೆಸ್ಬೇಡಿ" ಅಂದಳು ಹೆಂಡತಿ.

"ಇಲ್ಲೇ ಕಣೇ, ಕೂಗಳತೆ."

ಅವರ ಕೈಯಲ್ಲಿದ್ದ ನಕ್ಷೆಯ ಮೇಲೆ ಅದು ಕೂಗಳತೆಯೂ ಅಲ್ಲ, ಒಂದು ಬೆರಳಿನ ಅಗಲ. ಆದರೆ ಆ ನಕ್ಷೆ ಮೇಷ್ಟ್ರಷ್ಟೇ ಹಳೆಯದು. ಬೀದಿ ಇರಬೇಕಾದಲ್ಲಿ ಗೋಡೆ ಎದ್ದಿತ್ತು. ಗೋಡೆ ಬಳಸಿ ಹೋದರೆ ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಇನ್ನೊಂದು ಓಣಿ. ಛಾವಣಿಗಳ ಮೇಲೆ ಆಗಾಗ ಇಣುಕುತ್ತಿದ್ದ ಗೋಪುರ ಈಗ ಎಡಕ್ಕೆ ಕಂಡರೆ ಇನ್ನೊಂದು ಗಳಿಗೆಗೆ ಬೆನ್ನ ಹಿಂದೆ ಕಾಣುತ್ತಿತ್ತು. ಮೇಷ್ಟ್ರು ಬೀದಿಗಳ ಇತಿಹಾಸ ಹೇಳುತ್ತಲೇ ಇದ್ದರು. ಮಾತು ನಿಲ್ಲಿಸಿದರೆ ಅಕ್ಕನಿಗೆ ಅನುಮಾನ ಬಂದೀತು.

ಒಂದು ಕಾಫಿ ಅಂಗಡಿಯ ಮುಂದೆ ಅಕ್ಕ ನಿಧಾನಿಸಿದಳು. "ಲೋ, ಇಲ್ಲೆಲ್ಲಾದ್ರೂ ಒಂಚೂರು ಹೋಗ್ಬರೋ ಜಾಗ ಇದ್ಯೇನೋ?" ಎಂದು ದನಿ ತಗ್ಗಿಸಿ ಕೇಳಿದಳು.

ಅಂಗಡಿಯ ಹೆಂಗಸು ಹೊರಗಿನ ಮೇಜುಗಳನ್ನು ಒರೆಸುತ್ತಿದ್ದಳು. ಸನ್ನೆ ಮಾಡಿ ಕೇಳಿದ್ದರೂ ಸಾಕಿತ್ತು; ಆ ಸನ್ನೆ ಯಾವ ದೇಶದವರಿಗೆ ತಿಳಿಯುವುದಿಲ್ಲ? ಮೇಷ್ಟ್ರು ಕೇಳಲಿಲ್ಲ. "ಗೋಪುರದ ಕೆಳಗೇ ಇದೆ ಅಕ್ಕ. ಈ ತಿರುವು ದಾಟಿದ್ರೆ ಬಂದೇಬಿಡ್ತು" ಅಂದರು. ಅಷ್ಟು ಖಾತರಿಯಿಂದ ಹೇಳಿದರು, ತಮಗೂ ಅದು ನಿಜವೇ ಅನ್ನಿಸಿತು.

ಅಕ್ಕ ಸರಿ ಅಂದಳು. ತಮ್ಮ ಹೇಳಿದ ಮೇಲೆ ಮುಗಿಯಿತು. ಇನ್ನೊಂದು ಸಲ ಕೇಳುವವಳಲ್ಲ ಅವಳು.

ತಿರುವು ದಾಟಿದರು. ಮತ್ತೊಂದು ತಿರುವು, ಮತ್ತೊಂದಷ್ಟು ಮೆಟ್ಟಿಲು, ಇಳಿಜಾರಿನ ಓಣಿ. ಅಕ್ಕನ ಹೆಜ್ಜೆ ಚಿಕ್ಕದಾಗುತ್ತಾ ಬಂತು. ಓಣಿ ಮುಗಿದಾಗ ಎದುರಿಗೆ ಅದೇ ಕಾಫಿ ಅಂಗಡಿ, ಅದೇ ಹೆಂಗಸು. ಅವಳು ಇವರನ್ನು ಗುರುತು ಹಿಡಿದು, ಏನಾದರೂ ಬೇಕಿತ್ತೇ ಅನ್ನುವಂತೆ ಬಟ್ಟೆ ಹಿಡಿದಿದ್ದ ಕೈಯನ್ನೇ ಎತ್ತಿ ನಕ್ಕಳು. ಈಗಲಾದರೂ ಕೇಳಬೇಕಿತ್ತು ಆ ಮನುಷ್ಯ. ಅದರ ಬದಲು ಮೇಷ್ಟ್ರು ಏನು ಮಾಡಿದರು ಗೊತ್ತೇ? ಬೇಕೆಂದೇ ಮತ್ತೊಂದು ಸುತ್ತು ಬಂದವರ ಹಾಗೆ ಗತ್ತಿನಲ್ಲಿ ತಲೆಯಾಡಿಸಿ, ಅಕ್ಕನ ಮೊಣಕೈ ಹಿಡಿದು, ಇನ್ನೊಂದು ಕಡೆಯ ಮೆಟ್ಟಿಲಿಗೆ ತಿರುಗಿಸಿದರು. ದಾರಿ ತಪ್ಪಿದ್ದೇವೆಂದು ಆ ಹೆಂಗಸಿಗೆ ಗೊತ್ತಾಗಬಾರದು, ಅಷ್ಟೆ. ಜನ್ಮದಲ್ಲಿ ಮತ್ತೊಮ್ಮೆ ನೋಡದ ಒಬ್ಬ ಹೆಂಗಸಿನ ಎದುರು ಮಾನ ಉಳಿಸಿಕೊಂಡರು.

ಮೆಟ್ಟಿಲಿನ ನಡುವೆ ಅಕ್ಕ ಕಬ್ಬಿಣದ ಕಂಬಿ ಹಿಡಿದು ನಿಂತಳು.

"ಸ್ವಲ್ಪ ತಾಳೋ."

"ಇನ್ನೇನು ಬಂತು ಅಕ್ಕ. ನಾಲ್ಕು ಹೆಜ್ಜೆ."

ಅಕ್ಕ ನಿಧಾನವಾಗಿ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಕಂಬಿ ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು. ಮೇಷ್ಟ್ರು ಕೆಳಗೆ ನೋಡಿದಾಗ ಅವಳ ಬಟ್ಟೆಯ ಅಂಚಿನಿಂದ ಬೂದು ಬಣ್ಣದ ಕಲ್ಲಿನ ಮೇಲೆ ಕಪ್ಪಗೆ ಒದ್ದೆ ಹರಡುತ್ತಿತ್ತು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

ಅಕ್ಕ ತಮ್ಮನ ಮುಖ ನೋಡಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದಳು, ಮುಚ್ಚಳ ತಿರುಗಿಸಿದಳು, ಮಡಿಲ ಮೇಲೆ ಬಗ್ಗಿಸಿ ಕೊನೆಯ ಹನಿಯವರೆಗೂ ಸುರಿದುಕೊಂಡಳು. ಆಮೇಲೆ, "ಅಯ್ಯೋ ಇದರ ಮನೆ ಹಾಳಾಗ! ಬಾಟ್ಲಿ ಜಾರ್ತು ನೋಡೋ" ಎಂದು ಗಟ್ಟಿಯಾಗಿ ಅಂದಳು. ಆ ಓಣಿಯಲ್ಲಿ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಹೇಳಿದ್ದು ತಮ್ಮನಿಗೇ.

ಆಗ ಮೇಷ್ಟ್ರು ಏನು ಬೇಕಾದರೂ ಹೇಳಬಹುದಿತ್ತು. ತಪ್ಪಾಯ್ತಕ್ಕ ಅನ್ನಬಹುದಿತ್ತು. ಏನೂ ಅನ್ನದೆ ಪಕ್ಕದಲ್ಲಿ ಕುಳಿತಿದ್ದರೂ ನಡೆಯುತ್ತಿತ್ತು. ಅವರ ಬಾಯಿಂದ ಬಂದದ್ದು ಇದು:

"ಹುಷಾರಾಗಿ ಹಿಡ್ಕೋಬಾರ್ದಾ ಅಕ್ಕ? ನೋಡು, ಎಲ್ಲಾ ಒದ್ದೆ ಮಾಡ್ಕೊಂಡೆ."

ಮಾತು ಆಡಿದ ಕೂಡಲೇ ಅವರಿಗೆ ಕೇಳಿಸಿತು ತಾವು ಆಡಿದ್ದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕ ಮಾತ್ರ, "ವಯಸ್ಸಾಯ್ತಲ್ಲೋ, ಕೈಯಲ್ಲಿ ಹಿಡಿತ ಇಲ್ಲ" ಎಂದು ಒಪ್ಪಿಕೊಂಡು, ಬಟ್ಟೆ ಹಿಂಡಿಕೊಂಡಳು.

ಅಷ್ಟರಲ್ಲಿ ಮೇಲಿನಿಂದ ಮಗಳ ದನಿ ಕೇಳಿಸಿತು. ಅವಳೂ ತಾಯಿಯೂ ಫೋನ್ ನೋಡಿಕೊಂಡು ಯಾವಾಗಲೋ ಗೋಪುರ ಮುಟ್ಟಿ, ಇವರು ಬರಲಿಲ್ಲವೆಂದು ಹುಡುಕುತ್ತಾ ಇಳಿದಿದ್ದರು. ಗೋಪುರ ಆ ಮೆಟ್ಟಿಲ ತಲೆಯ ಮೇಲೇ ಇತ್ತು.

"ಇದೇನು ಅತ್ತಿಗೆ, ಸ್ನಾನ ಮಾಡ್ಬಿಟ್ರಾ!" ಹೆಂಡತಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಬಾಟ್ಲಿ ಕಣಮ್ಮ. ಹಾಳಾದ್ದು ಮುಚ್ಚಳ."

"ಅತ್ತೆ, ನಿಮ್ಮ ಕೈಗೆ ಇನ್ಮೇಲೆ ಬಾಟ್ಲಿನೇ ಕೊಡಲ್ಲ" ಅಂದಳು ಮಗಳು. ಅಕ್ಕನೂ ನಕ್ಕಳು. ಮೇಷ್ಟ್ರು ನಕ್ಷೆಯನ್ನು ಮಡಚುವುದರಲ್ಲಿ ಮಗ್ನರಾಗಿದ್ದರು. ಆ ದಿನ ಅದು ಎಷ್ಟು ಮಡಚಿದರೂ ಸರಿಯಾಗಿ ಮಡಚಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿಗೆ ಕುಳಿತಾಗ ಅಕ್ಕ ತನ್ನ ಕಾಫಿ ಲೋಟವನ್ನು ಬೋರಲು ಹಾಕಿದಳು. ನೀರಿನ ಲೋಟವನ್ನೂ ಪಕ್ಕಕ್ಕೆ ಸರಿಸಿದಳು. ಕಾಫಿ ಎಂದರೆ ಪ್ರಾಣ ಬಿಡುವವಳು. "ಯಾಕತ್ತೆ?" ಎಂದು ಮಗಳು ಕೇಳಿದ್ದಕ್ಕೆ, "ಇಲ್ಲಿ ಕಾಫಿ ಸಪ್ಪೆ ಕಣೇ" ಅಂದಳು. ಸಂಜೆಯವರೆಗೂ ಅವಳು ಒಂದು ಗುಟುಕು ಕುಡಿಯಲಿಲ್ಲ. ಬಿಸಿಲಿನಲ್ಲಿ ತುಟಿ ಒಣಗಿ ಬಿರಿದವು.

ಮೇಷ್ಟ್ರು ತಮಗೆ ತೋಚಿದ ಪ್ರಾಯಶ್ಚಿತ್ತಕ್ಕೆ ಇಳಿದರು. ಕಂಡ ಕಂಡ ಅಂಗಡಿ, ಬ್ಯಾಂಕು, ವಸ್ತುಸಂಗ್ರಹಾಲಯದ ಕಾವಲುಗಾರ, ಎಲ್ಲರ ಹತ್ತಿರವೂ ಹೋಗಿ ಕೈಸನ್ನೆ ಮಾಡಿ ಪಾಯಿಖಾನೆ ಎಲ್ಲಿ ಎಂದು ಕೇಳತೊಡಗಿದರು. ಹುಟ್ಟಿದಾರಭ್ಯ ಕೇಳದಿದ್ದದ್ದನ್ನೆಲ್ಲ ಒಂದೇ ದಿನ ಕೇಳಿ ಮುಗಿಸುವವರ ಹಾಗೆ ಕೇಳಿದರು. ಕೇಳಿ ಬಂದು, "ಅಕ್ಕ, ಇಲ್ಲೇ ಇದೆ, ಹೋಗ್ಬರ್ತೀಯಾ?" ಅನ್ನುವುದು. "ನನಗೆ ಬೇಡಪ್ಪ, ನೀನು ಹೋಗ್ಬಾ" ಅನ್ನುವುದು ಅವಳು. ಕೇಳಿದ ತಪ್ಪಿಗೆ ಮೇಷ್ಟ್ರೇ ಒಳಗೆ ಹೋಗಿ, ಕನ್ನಡಿ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಆ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಲು ಅವರಿಗೆ ನಾಚಿಕೆಯಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಗಾಬರಿಯಾಗಿ, "ಹೊಟ್ಟೆ ಕೆಟ್ಟಿದೆ ಅಂತ ಬಾಯಿ ಬಿಟ್ಟು ಹೇಳ್ಬಾರ್ದೇನ್ರೀ?" ಎಂದು ಔಷಧಿ ಅಂಗಡಿಯಿಂದ ಮಾತ್ರೆ ತಂದಳು. ಮೇಷ್ಟ್ರು ತೆಪ್ಪಗೆ ನುಂಗಿದರು.

ಹೇಳಿಬಿಡೋಣವೆಂದು ಅವರಿಗೆ ಎಷ್ಟೋ ಸಲ ಅನ್ನಿಸಿತು. ಹೆಂಡತಿ ಮಗಳ ಮುಂದೆ ತಪ್ಪು ಒಪ್ಪಿಕೊಂಡು ಬೈಸಿಕೊಂಡರೆ ಎದೆಯ ಭಾರ ಇಳಿದೀತು. ಆದರೆ ಹೇಳುವುದು ಹೇಗೆ? ತಮ್ಮ ತಪ್ಪು ಬಾಯಿಗೆ ಬಂದರೆ ಅದರ ಹಿಂದೆಯೇ ಅಕ್ಕನ ಮಾನವೂ ಬೀದಿಗೆ ಬರುತ್ತದೆ. ಅವಳು ಬಾಟಲಿ ಬಗ್ಗಿಸಿ ಮುಚ್ಚಿಟ್ಟದ್ದನ್ನು ತಾನು ತೆರೆದಿಡುವುದೇ? ಅಕ್ಕ ಒಬ್ಬಳೇ ಇದ್ದಾಗ ಅವಳಿಗೇ ಹೇಳೋಣವೆಂದರೆ, ತಮ್ಮನ ಮುಖ ಗಂಭೀರವಾಗುವುದನ್ನು ಕಂಡ ಕೂಡಲೇ ಅವಳು ಎದ್ದು ಬಟ್ಟೆ ಮಡಚತೊಡಗುತ್ತಿದ್ದಳು.

ಊರಿಗೆ ಬಂದ ವಾರದಲ್ಲಿ ನೆಂಟರು ಪ್ರವಾಸದ ಸುದ್ದಿ ಕೇಳಲು ಸೇರಿದರು. ಹೆಂಡತಿ ಫೋಟೊ ತೋರಿಸಿದಳು. ಎಲ್ಲರಿಗೂ ಹಿಡಿಸಿದ್ದು ಬಾಟಲಿಯ ಪ್ರಸಂಗ. ಅದನ್ನು ಹೇಳುವವಳು ಅಕ್ಕನೇ. ಎದ್ದು ನಿಂತು, ಬಾಟಲಿ ಹಿಡಿದ ಹಾಗೆ ಕೈ ಮಾಡಿ, ಮುಚ್ಚಳ ಹಾರಿದ್ದು, ನೀರು ಚಿಮ್ಮಿದ್ದು, ತಾನು ಚೀರಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದಳು. ಒಂದು ಕಡೆಯೂ ತಪ್ಪುತ್ತಿರಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಭಾವ, ನೀವ್ಯಾಕೆ ಸುಮ್ನಿದ್ದೀರಿ? ನೀವೇನಾದ್ರೂ ಹೇಳಿ" ಅಂದ ಹೆಂಡತಿಯ ತಮ್ಮ.

ಮೇಷ್ಟ್ರು ತಲೆ ತಗ್ಗಿಸಿ ಕುಳಿತಿದ್ದರು. "ಅವತ್ತು ನಾನು ದಾರಿ ತಪ್ಪಿದ್ದೆ" ಅಂದರು. "ಯಾರನ್ನೂ ಕೇಳ್ಲಿಲ್ಲ. ಕೇಳಿದ್ರೆ ಹಾಗಾಗ್ತಿರ್ಲಿಲ್ಲ. ಅಕ್ಕನ್ನ..."

ಛಾವಣಿ ಹಾರಿಹೋಗುವಂತೆ ನಗು. "ನಕ್ಷೆ ಮೇಷ್ಟ್ರು ದಾರಿ ತಪ್ಪೋದಾ! ಎಂಥ ಜೋಕ್ ಹೊಡೀತೀರಿ ಭಾವ!"

ಅಕ್ಕ ನಗಲಿಲ್ಲ. ಇಲ್ಲದ ಬಾಟಲಿ ಹಿಡಿದ ಅವಳ ಕೈ ಗಾಳಿಯಲ್ಲೇ ನಿಂತಿತ್ತು. ಆ ಮೆಟ್ಟಿಲಿನ ನಂತರ ಮೊದಲ ಸಲ ತಮ್ಮನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಲೋ, ಸುಮ್ನೆ ಕೂತ್ಕೊಳ್ಳೋ. ನನ್ನ ಕಥೆ ಮಧ್ಯೆ ಬಾಯಿ ಹಾಕ್ಬೇಡ" ಅಂದಳು. ದನಿ ಗದರಿಸುತ್ತಿತ್ತು, ಕಣ್ಣು ಬೇಡಿಕೊಳ್ಳುತ್ತಿತ್ತು.

"ಎಲ್ಲಿದ್ದೆ ನಾನು? ಹಾಂ, ಬಾಟ್ಲಿ ಜಾರ್ತು..." ಅಕ್ಕ ಮುಂದುವರಿಸಿದಳು. ಎಲ್ಲರೂ ನಕ್ಕರು. ಮೇಷ್ಟ್ರು ನಗುತ್ತಿದ್ದಾರೋ ಇಲ್ಲವೋ ಎಂದು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಮೇಷ್ಟ್ರು ನಕ್ಕರು.