ಗೋಡೆಯಲ್ಲಿ ಬಾಗಿಲು ಹುಡುಕಿದ್ದು

ಎನ್.ಆರ್. ಕಾಲೋನಿಯ ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದಾಗ, ಒಳಾಂಗಣ ವಹಿಸಿಕೊಂಡ ಡಿಸೈನರ್ ಹುಡುಗಿ ಹಾಲಿನ ಒಂದಿಡೀ ಗೋಡೆಗೆ ತೇಗದ ಹಲಗೆ ಹೊದಿಸಿದಳು. ಆ ಗೋಡೆಯೊಳಗೇ ಈ ತುದಿಗೆ ದೇವರ ಮನೆ, ಆ ತುದಿಗೆ ಬಾತ್‌ರೂಮು, ನಡುವೆ ಕಪಾಟುಗಳು. ಯಾವುದಕ್ಕೂ ಹಿಡಿಯಿಲ್ಲ, ಚಿಲಕವಿಲ್ಲ, ಒತ್ತಿದರೆ ತೆರೆಯುತ್ತದೆ. ನೋಡುವವರಿಗೆ ಬರೀ ಗೋಡೆ.

“ಇಪ್ಪತ್ತು ವರ್ಷ ಆದ್ರೂ ಹಳೇದು ಅನ್ಸಲ್ಲ ಸರ್” ಅಂದಳು.

ಇಪ್ಪತ್ತು ವರ್ಷದ ಮಾತು ಹಾಗಿರಲಿ, ಮೊದಲ ವಾರವೇ ನನಗೆ ನೆಮ್ಮದಿ ಹೋಯಿತು. ಅವಸರದಲ್ಲಿರುವ ಯಾರಾದರೂ ತಪ್ಪಿ ದೇವರ ಮನೆಗೆ ನುಗ್ಗಿಬಿಟ್ಟರೆ?

“ಹಾಗೆ ನುಗ್ಗೋರು ನೀವೊಬ್ರೇ” ಅಂದಳು ಹೆಂಡತಿ.

ನನ್ನ ಚಿಂತೆಯೆಲ್ಲ ತ್ಯಾಗರಾಜನಗರದ ದೊಡ್ಡಮ್ಮನದು. ಬಿ.ಪಿ. ಮಾತ್ರೆ ಬದಲಾದಾಗಿನಿಂದ ಅವರು ಯಾರ ಮನೆಗೂ ಹೋಗುವುದನ್ನೇ ಬಿಟ್ಟಿದ್ದರು. ಪದೇ ಪದೇ ಏಳಬೇಕಾಗುತ್ತದೆ, ಇನ್ನೊಬ್ಬರ ಮನೆಯಲ್ಲಿ ಕೇಳಲು ಸಂಕೋಚ. “ಬಾತ್‌ರೂಮು ಹಾಲಲ್ಲೇ ಇದೆ, ಯಾರನ್ನೂ ಕೇಳ್ಬೇಕಾಗಿಲ್ಲ” ಎಂದು ಗೋಗರೆದು ಗೌರಿ ಹಬ್ಬದ ಊಟಕ್ಕೆ ಕರೆತಂದೆ. ಇವತ್ತು ಮುಜುಗರವಾದರೆ ಇನ್ನವರು ಹೊಸಿಲು ದಾಟುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಊಟ ಮುಗಿಸಿ ನಾನು ಕೈ ತೊಳೆದು ಬರುವಷ್ಟರಲ್ಲಿ ದೊಡ್ಡಮ್ಮ ಗೋಡೆಯ ಮುಂದೆ ನಿಂತಿದ್ದರು. ಒಂದು ಹಲಗೆ ಒತ್ತಿದರು. ಪೊರಕೆ, ಬಕೆಟ್ಟು. ಪಕ್ಕದ್ದರ ಕಡೆ ಸರಿದರು. ನಾನು ಓಡಿದೆ.

“ದೊಡ್ಡಮ್ಮಾ, ಅದು ದೇವರ ಮನೆ.”

“ಗೊತ್ತು ಕಣೋ. ಊದಿನಕಡ್ಡಿ ವಾಸನೆ ಬರ್ತಿದೆಯಲ್ಲ. ಇನ್ನೊಂದು ಎಲ್ಲಿ?”

ಆ ತುದಿಗೆ ಹೋಗಿ ಒತ್ತಿದೆ. ತೆರೆಯಲಿಲ್ಲ. ತಪ್ಪಿದೆನೇನೋ ಎಂದು ಪಕ್ಕದ್ದು ಒತ್ತಿದರೆ ಇಸ್ತ್ರಿ ಮೇಜು ಮೈಮೇಲೆ ಬಂತು. ಅದನ್ನು ತಬ್ಬಿಕೊಂಡೇ ಮೂರನೆಯದಕ್ಕೆ ಭುಜ ಕೊಟ್ಟೆ.

“ನಿನ್ನ ಮನೇನೇ ತಾನೇನೋ ಇದು?” ಅಂದರು ದೊಡ್ಡಮ್ಮ, ಸೆರಗು ಬಿಗಿಹಿಡಿದು.

ಹೆಂಡತಿ ಅಡುಗೆಮನೆಯಿಂದ ಬಂದು, ನಾನು ಮೊದಲು ಒತ್ತಿದ್ದ ಹಲಗೆಯನ್ನೇ ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ತೆರೆಯಿತು.

ಹೊರಬಂದ ದೊಡ್ಡಮ್ಮನ ಮುಖ ನೋಡುವ ಧೈರ್ಯ ಆಗಲಿಲ್ಲ. ಆಟೋ ಕರೆಯಲೇ ಎಂದು ಕೇಳಿದೆ.

“ಯಾಕೋ ಓಡಿಸ್ತೀಯ? ಕಾಫಿ ಆಗ್ಲಿ. ಮೊದ್ಲು ಈ ಕುರ್ಚಿ ತಿರುಗಿಸು.”

ಡಿಸೈನರ್ ಹುಡುಗಿ ಜಾಗ ಗುರುತಿಸಿ ಇಡಿಸಿದ್ದ ಆ ಭಾರದ ಕುರ್ಚಿಯನ್ನು ಏದುಸಿರು ಬಿಡುತ್ತ ತಿರುಗಿಸಿದೆ. ದೊಡ್ಡಮ್ಮ ಕಿಟಕಿಗೂ ಟಿವಿಗೂ ಬೆನ್ನು ಮಾಡಿ, ಆ ಹಲಗೆಗೆ ನೇರ ಎದುರಾಗಿ ಕೂತರು. ಸಂಜೆಯವರೆಗೂ ಮಾತು ಯಾರ ಜೊತೆಗಾದರೂ ಆಗಲಿ, ಕಣ್ಣು ಮಾತ್ರ ಅದರ ಮೇಲೇ.