ಖಾಲಿ ಡಬ್ಬಿ ಕಳಿಸಬಾರದು

ಮುಡಬಿಯಿಂದ ಬಸವಕಲ್ಯಾಣಕ್ಕೆ ಬರುವ ಬೆಳಗಿನ ಬಸ್ಸಿನಿಂದ ಜನರಿಗಿಂತ ಮೊದಲು ಇಳಿಯುತ್ತಿದ್ದದ್ದು ಡಬ್ಬಿಗಳು. ಕಲ್ಯಾಣದಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆಂದು ಊರಿನ ತಾಯಂದಿರು ನಸುಕಿನಲ್ಲೇ ರೊಟ್ಟಿ ಬಡಿದು, ಡಬ್ಬಿಗೆ ಬಟ್ಟೆ ಕಟ್ಟಿ, ಡ್ರೈವರನ ಪಕ್ಕದ ಬಾನೆಟ್ ಮೇಲೆ ಇಟ್ಟು ಹೋಗುತ್ತಿದ್ದರು. ಎಂಜಿನ್ನಿನ ಕಾವಿಗೆ ರೊಟ್ಟಿ ಬೆಚ್ಚಗೇ ಇರುತ್ತಿತ್ತು, ಸ್ವಲ್ಪ ಡೀಸೆಲ್ ವಾಸನೆಯೂ ಹತ್ತಿರುತ್ತಿತ್ತು ಅನ್ನಿ. ನನ್ನ ಡಬ್ಬಿಗೆ ಅವ್ವನ ಹಳೆಯ ಹಸಿರು ಸೀರೆಯ ತುಂಡು. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಗಾಜಿನ ಹಿಂದೆ ಆ ಹಸಿರು ಕಾಣುತ್ತಿತ್ತು. ಸಂಜೆ ಅದೇ ಬಸ್ಸಿಗೆ ತೊಳೆದ ಡಬ್ಬಿ ವಾಪಸ್ಸು.

ಆ ಡಬ್ಬಿಯಲ್ಲಿದ್ದದ್ದನ್ನು ನಾನು ಉಣ್ಣುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಎಲ್ಲಿಂದ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ನನಗೆ ಬರುವುದಿಲ್ಲ. ಒಂದು ಮದುವೆಯಲ್ಲಿ ಸಂಬಂಧಿಕಳೊಬ್ಬಳು ನನ್ನ ಗಲ್ಲ ಹಿಂಡಿ, "ಅಬಬಾ, ಹುಡುಗಿ ಭಾಳ ಮೈ ಬಿಟ್ಟಾಳಲ್ಲ! ಇಕಿನ್ನ ಮಾಡ್ಕೊಳ್ಳಾಂವ ಮೊದಲ ಒಂದ್ ಗಿರಣಿ ಹಾಕ್ಬೇಕು" ಅಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಶ್ರಾವಣದಲ್ಲಿ ಸೋಮವಾರದ ಉಪವಾಸ ಹಿಡಿದೆ. ಓಣಿಯವರೆಲ್ಲ ಹೊಗಳಿದರು. ಅವ್ವ ಬಂದವರೆದುರಿಗೆಲ್ಲ, "ನಮ್ಮ ಹುಡುಗಿ ನೀರೂ ಮುಟ್ಟಂಗಿಲ್ಲ ನೋಡ್ರಿ" ಎಂದು ಹಿಗ್ಗಿದಳು. ಶ್ರಾವಣ ಮುಗಿಯಿತು, ನನ್ನದು ಮುಗಿಯಲಿಲ್ಲ. ಕಲ್ಯಾಣದ ರೂಮಿಗೆ ಬರುವಷ್ಟರಲ್ಲಿ ನನಗೆ ವಾರವೆಲ್ಲ ಸೋಮವಾರವಾಗಿತ್ತು.

ಆ ದಿನಗಳು ಈಗಲೂ ನೀರಿನೊಳಗಿಂದ ಕಂಡ ಹಾಗೇ ನೆನಪಾಗುತ್ತವೆ. ಕೋಟೆಯ ಗೋಡೆ ಬಿಸಿಲಿನಲ್ಲಿ ಮೆಲ್ಲಗೆ ತೇಲುತ್ತಿತ್ತು. ಯಾರೋ ನನ್ನ ಹೆಸರು ಕರೆದರೆ ಆ ಕರೆ ಬೇರೆ ಓಣಿ ಸುತ್ತಿ ಬಂದ ಹಾಗೆ ತಡವಾಗಿ ತಲುಪುತ್ತಿತ್ತು. ಎಲ್ಲರೂ ಬೆವರುವ ಮಧ್ಯಾಹ್ನ ನಾನು ಶಾಲು ಹೊದ್ದು ಕೂರುತ್ತಿದ್ದೆ. ಹಸಿವು ಪಕ್ಕದ ಮನೆಯ ರೇಡಿಯೋದಂತೆ. ಹಾಡು ಕೇಳಿಸುತ್ತದೆ, ಆದರೆ ಅದು ನಮ್ಮ ಮನೆಯದಲ್ಲ. ಆ ತೇಲುವಿಕೆಯನ್ನು ನಾನು ದೇವರ ಹತ್ತಿರ ಹೋಗುವುದು ಎಂದುಕೊಂಡಿದ್ದೆ. ಬಾಚಣಿಗೆಯಲ್ಲಿ ಗೊಂಚಲು ಗೊಂಚಲಾಗಿ ಕೂದಲು ಬಂದಾಗ ಮಾತ್ರ ಹೆದರಿಕೆಯಾಗುತ್ತಿತ್ತು.

ರೂಮಿನಲ್ಲಿ ನನ್ನ ಜೊತೆಗಿದ್ದವಳು ಹುಮನಾಬಾದಿನ ಗೆಳತಿ. ಅವರ ಮನೆಯಲ್ಲಿ ಎಲ್ಲರೂ ಬೆಳಗಾಗುತ್ತಲೇ ಕೆಲಸಕ್ಕೆ ಹೋಗುವವರು, ಹಾಗಾಗಿ ಅವಳಿಗೆ ಡಬ್ಬಿ ಬರುತ್ತಿರಲಿಲ್ಲ. ಸ್ಟೋವಿನ ಮೇಲೆ ಅರ್ಧ ಬೆಂದ ಅನ್ನ ಮಾಡಿಕೊಂಡು ತಾನೇ ಬೈದುಕೊಳ್ಳುತ್ತಿದ್ದಳು. ನಾನು ನನ್ನ ಡಬ್ಬಿ ಅವಳ ಕಡೆ ಸರಿಸಿದೆ.

"ನೀ ಉಣ್ಣಂಗಿಲ್ಲೇನು?"

"ಸೋಮವಾರ ಅದ."

"ನಿನ್ನೆನೂ ಇತ್ತು, ಮೊನ್ನೆನೂ ಇತ್ತು. ನಿಮ್ಮ ಮುಡಬ್ಯಾಗ ವಾರಕ್ಕ ಎಷ್ಟ ಸೋಮವಾರ ಬರ್ತಾವವ್ವ?"

ನಗುತ್ತಲೇ ಉಣ್ಣುತ್ತಿದ್ದಳು. ನಾನು ಉಣ್ಣದ್ದು ಅವಳಿಗೆ ಸರಿ ಕಾಣುತ್ತಿರಲಿಲ್ಲ. ಒಂದು ತುತ್ತು ಹಿಡಿದು ನನ್ನ ಬಾಯಿಯ ತನಕ ತರುವಳು, ನಾನು ಮುಖ ತಿರುಗಿಸುವೆ. ಉಂಡಾದ ಮೇಲೆ ಡಬ್ಬಿ ತೊಳೆಯುವವಳೂ ಅವಳೇ. ಉಂಡ ಮನೆಯ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂಬ ರಿವಾಜು ಅವಳ ಮನೆಯಲ್ಲೂ ಇತ್ತು, ನಮ್ಮ ಮನೆಯಲ್ಲೂ ಇತ್ತು. ಹಾಗಾಗಿ ದಿನವೂ ಅದರಲ್ಲಿ ಏನಾದರೂ ಹಾಕುತ್ತಿದ್ದಳು: ಚಿಟಿಕೆ ಸಕ್ಕರೆ, ಹುಣಸೆಹಣ್ಣು, ಚಳಿಗಾಲ ಬಂದಾಗ ಒಂದು ಹಿಡಿ ಬಾರೆಹಣ್ಣು. ನಾನು ಹಸಿರು ಬಟ್ಟೆ ಕಟ್ಟಿ ಬಸ್ಸಿಗೆ ಇಟ್ಟು ಬರುತ್ತಿದ್ದೆ.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಅವ್ವ ಕಲ್ಯಾಣದ ಬಜಾರಿಗೆಂದು ಬಂದವಳು ಡಬ್ಬಿಯನ್ನು ತಾನೇ ಹಿಡಿದು ರೂಮಿಗೆ ಬಂದಳು. ಬಾಗಿಲಲ್ಲೇ ನಿಂತು ನನ್ನ ತೋಳುಗಳನ್ನು ನೋಡಿದಳು. ಹಬ್ಬಹುಣ್ಣಿಮೆಗೆ ಊರಿಗೆ ಹೋದಾಗಲೆಲ್ಲ ನಾನು ಶಾಲು ಹೊದ್ದೇ ಇರುತ್ತಿದ್ದೆ. ಅವತ್ತು ತಲೆಗೆ ಸ್ನಾನ ಮಾಡಿ ಬರಿ ತೋಳಲ್ಲಿ ಕೂತಿದ್ದೆ.

"ಪರೀಕ್ಷಾದ ಪರೇಶಾನಿ ಏನವ್ವ ಇದು?" ಅಂದಳು. ಉತ್ತರಕ್ಕೆ ಕಾಯದೆ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಬಿಚ್ಚುತ್ತ, "ನೀ ಕಳಸಿದ ಬಾರಿಹಣ್ಣ ಓಣಿಗೆಲ್ಲ ಹಂಚೀನಿ ನೋಡು. ನಮ್ಮ ಹುಡುಗಿ ದಿನಾ ಒಂದೊಂದ್ ಹಾಕಿ ಕಳಸ್ತಾಳ ಅಂತ ಹೇಳ್ಕೋತ ತಿರಗಾಕತ್ತೀನಿ."

ಗೆಳತಿ ಸ್ಟೋವ್ ಪಂಪು ಮಾಡುತ್ತಿದ್ದವಳು ಹಿಗ್ಗಿ ತಿರುಗಿದಳು. "ಚೊಲೊ ಇದ್ವೇನ್ರಿ ಅತ್ತಿ? ನಾನೇ ಆರಿಸಿ ಹಾಕಿದ್ದೆ. ನಿಮ್ಮ ಪುಂಡಿಪಲ್ಯೆ ಉಂಡು ಖಾಲಿ ಡಬ್ಬಿ ಹ್ಯಾಂಗ ಕಳಸ್ಲಿ ಹೇಳ್ರಿ?"

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಪಂಪು ಹಿಡಿದ ಕೈ ನಿಂತಿತು.

ಅವ್ವ ಗೆಳತಿಯನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. "ಉಂಡವ್ರು ಡಬ್ಬಿ ತುಂಬಸ್ತಾರ" ಅಂದಳು ಮೆಲ್ಲಗೆ. "ಹಂಗಾರ ನೀ ಏನ್ ಉಂಡಿ?"

ಅವ್ವ ನನ್ನ ಮುಂಗೈ ಹಿಡಿದಳು. ಅವಳ ಬೆರಳು ಸುತ್ತಿಕೊಂಡು ಇನ್ನೂ ಜಾಗ ಉಳಿಯಿತು. ಬೈಯುತ್ತಾಳೆ ಅಂದುಕೊಂಡೆ. ಅವಳು ಉಪ್ಪು ಮೆಣಸಿನಕಾಯಿ ಹುಡುಕಿ ನನ್ನ ದೃಷ್ಟಿ ತೆಗೆದಳು, ಆಮೇಲೆ ಸೆರಗು ಬಾಯಿಗೆ ಹಿಡಿದು ಕೂತಳು. "ನಾನೇ ಎಲ್ಲಾರ ಮುಂದ ಹೊಗಳಿದ್ನಲ್ಲವ್ವ" ಅಂದಳು.

"ದೃಷ್ಟಿಗೆ ಹೋಗೂದಲ್ರಿ ಅತ್ತಿ ಇದು" ಎಂದಳು ಗೆಳತಿ. "ನಮ್ಮ ಚಿಕ್ಕಮ್ಮ ಹುಮನಾಬಾದ ದವಾಖಾನ್ಯಾಗ ನರ್ಸ್ ಅದಾಳ. ಅಲ್ಲಿ ಒಬ್ರು ಡಾಕ್ಟರಮ್ಮ ಅದಾರ. ನಾಳೇನೇ ಹೋಗೂಣು."

ಡಾಕ್ಟರಮ್ಮ ರಕ್ತ ತೆಗೆಸಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅವ್ವ, ಗೆಳತಿ ಇಬ್ಬರನ್ನೂ ಹೊರಗೆ ಕೂರಿಸಿ, ನನಗೆ ಎಂಥ ಕನಸುಗಳು ಬೀಳುತ್ತವೆ ಎಂದು ಕೇಳಿದರು. ಅದನ್ನು ಯಾರೂ ಕೇಳಿರಲಿಲ್ಲ. ಹಿಟ್ಟು ನಾದುತ್ತಲೇ ಇರುತ್ತೇನೆ, ಹಿಟ್ಟು ನಾದುವ ಕೊಣಮಿಗೆಯ ಅಂಚು ದಾಟಿ, ಹೊಸ್ತಿಲು ದಾಟಿ, ಹೊಲಗಳ ಮೇಲೆ ಬೆಳ್ಳಗೆ ಹರಿಯುತ್ತದೆ, ಯಾರೂ ಉಣ್ಣಲು ಬರುವುದಿಲ್ಲ ಎಂದೆ. ಅವರು ನಗಲಿಲ್ಲ. ಹೇಳುತ್ತ ಹೇಳುತ್ತ ನನಗೆ ಅಳು ಬಂತು.

ಅವ್ವ ಒಳಗೆ ಬಂದಾಗ ಅವರು ಹೇಳಿದ್ದು: "ಇದು ಹಟಾನೂ ಅಲ್ಲ, ಭಕ್ತೀನೂ ಅಲ್ರಿ. ಬ್ಯಾನಿ ಅದ. ಆರಾಮ ಆಗ್ತದ, ಖರೇ ತಡಾ ಆಗ್ತದ. ಆಕಿಗಿ ಒಬ್ಬಾಕಿನ್ನೇ ಉಣ್ಣಾಕ ಬಿಡಬ್ಯಾಡ್ರಿ. ಜುಲ್ಮಿ ಮಾಡಬ್ಯಾಡ್ರಿ."

ಅವ್ವನಿಗೆ ವ್ರತದ ಚಿಂತೆ. "ಹಂಗಾರ ಆಕಿ ಸೋಮವಾರ ನಾ ಹಿಡೀತೀನ್ರಿ. ದೇವರಿಗಿ ಯಾರ್ ಮಾಡಿದ್ರೇನು."

"ಬಿಲ್ಕುಲ್ ಬ್ಯಾಡ್ರಿ!" ಡಾಕ್ಟರಮ್ಮ ಕೈಮುಗಿದರು. "ಸೋಮವಾರ ದಿನಾನೇ ಆಕಿ ಎದುರ ಕೂತು ಎರಡ್ ರೊಟ್ಟಿ ಜಾಸ್ತಿ ಉಣ್ರಿ. ಅದೇ ನಿಮ್ಮ ಪೂಜಾ."

ಅಂದಿನಿಂದ ಸೋಮವಾರಗಳಲ್ಲಿ ಡಬ್ಬಿ ಬಾನೆಟ್ ಮೇಲೆ ಬರಲಿಲ್ಲ, ಅವ್ವನ ತೊಡೆಯ ಮೇಲೆ ಬಂತು. ಮೂವರೂ ಕೂತು ಉಣ್ಣುತ್ತಿದ್ದೆವು. ಉಳಿದ ದಿನ ಗೆಳತಿ ರೊಟ್ಟಿ ಮುರಿದು ನನ್ನ ಕಡೆ ಇಟ್ಟು, ತನ್ನದನ್ನು ಮುಟ್ಟದೆ ಕಾಯುತ್ತಿದ್ದಳು. "ಲಗೂ ಮಾಡವ್ವ, ನನ್ನ ಹೊಟ್ಟಿ ಸಾಯಾಕತ್ತದ." ಅವಳ ಹಸಿವಿಗಾಗಿ ನಾನು ಉಂಡ ದಿನಗಳೇ ಹೆಚ್ಚು. ಉಂಡ ಮೇಲೆ ಎದೆಯಲ್ಲಿ ಭಯ ಏಳುತ್ತಿತ್ತು. ಕೆಲವು ವಾರ ಪೂರ್ತಿ ಹಿಂದಕ್ಕೆ ಜಾರಿದೆ, ಒಮ್ಮೆ ಡಬ್ಬಿಯನ್ನು ಗೋಡೆಗೆ ಎಸೆದೆ. ಅದರ ಅಂಚಿನ ತಗ್ಗು ಈಗಲೂ ಇದೆ. ಹುಮನಾಬಾದಿನ ಬಸ್ಸಿನ ಕಿಟಕಿಗೆ ತಲೆ ಆನಿಸಿ ಡಾಕ್ಟರಮ್ಮನ ಹತ್ತಿರ ಹೋಗಿ ಬರುವುದು ನಿಲ್ಲಲಿಲ್ಲ. ಕೋಟೆಯ ಗೋಡೆ ಯಾವಾಗ ತೇಲುವುದು ಬಿಟ್ಟು ನೆಲಕ್ಕೆ ನಿಂತಿತೋ ನನಗೆ ತಿಳಿಯಲೇ ಇಲ್ಲ.

ಮುಂದಿನ ವರ್ಷ ಸೀತಾಫಲದ ಕಾಲಕ್ಕೆ ಗೆಳತಿ ಹಬ್ಬಕ್ಕೆಂದು ಊರಿಗೆ ಹೋಗಿದ್ದಳು. ಕಿಟಕಿಯ ಹತ್ತಿರ ಒಬ್ಬಳೇ ಕೂತು ಡಬ್ಬಿ ಬಿಚ್ಚಿದೆ. ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ. ಮೆಲ್ಲಗೆ, ನಡುವೆ ಎರಡು ಸಲ ಎದ್ದು ಓಡಾಡಿ ಉಂಡೆ. ಸಂಜೆ ಡಬ್ಬಿ ತೊಳೆದು ಒರೆಸಿದ ಮೇಲೆ, ಇನ್ನು ತುಂಬಿಸಬೇಕಾದವಳು ನಾನು ಎಂಬುದು ಹೊಳೆಯಿತು. ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡ ಮುದುಕಿಯ ಹತ್ತಿರ ಒಂದು ಸೀತಾಫಲ ಆರಿಸಿದೆ. ಗಟ್ಟಿ ಕಾಯಿ. ಡಬ್ಬಿಗೆ ಸರಿಯಾಗಿ ಕೂತಿತು.

ಅವ್ವ ಅದನ್ನು ಜೋಳದ ಚೀಲದಲ್ಲಿ ಹುಗಿದಿಟ್ಟಿರಬೇಕು. ಕೆಲವು ದಿನ ಬಿಟ್ಟು ಬಂದ ಡಬ್ಬಿಯಲ್ಲಿ, ರೊಟ್ಟಿಗಳ ಮೇಲೆ ಎಲೆ ಮುಚ್ಚಿ ಅರ್ಧ ಹಣ್ಣು ಇಟ್ಟಿದ್ದಳು. ಇನ್ನರ್ಧ ಅವಳು ತಿಂದಿದ್ದಳು.

ಸ್ಟ್ಯಾಂಡಿನ ಕಟ್ಟೆಯ ಮೇಲೇ ಕೂತೆ. ಬಸ್ಸಿನ ಕಾವಿಗೆ ಹಣ್ಣು ಬೆಚ್ಚಗಿತ್ತು. ಒಂದೊಂದೇ ತೊಳೆ ಬಾಯಿಗಿಟ್ಟು, ಬೀಜಗಳನ್ನು ಅಂಗೈಯಲ್ಲಿ ಕೂಡಿಸಿದೆ. ಸಂಜೆ ಆ ಕಪ್ಪು ಬೀಜಗಳನ್ನೇ ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಹಸಿರು ಬಟ್ಟೆ ಕಟ್ಟಿದೆ.