ನಾನು ನೆಟ್ಟ ಗಡಿಕಲ್ಲು

ನಾನು ಬೆಳೆಯುವಾಗ ಬೇಲೂರಿಗೆ ರೈಲು ಬರುತ್ತಿರಲಿಲ್ಲ. ಬಹುಶಃ ಅದಕ್ಕೇ ನನಗೆ ರೈಲಿನ ಹುಚ್ಚು ಹಿಡಿದದ್ದು. ಅರಸೀಕೆರೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಕೆಲಸ ಸಿಕ್ಕಾಗ, ಅಷ್ಟು ದೂರ ಯಾಕೆ ಎಂದು ಮನೆಯಲ್ಲಿ ಕೇಳಿದರು. ಅಂಗಡಿಯಿಂದ ಸ್ಟೇಷನ್ನಿಗೆ ಐದು ನಿಮಿಷದ ದಾರಿ ಅನ್ನುವುದೇ ನನಗಿದ್ದ ಕಾರಣ. ಅದನ್ನು ಹೇಳಲಿಲ್ಲ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಸರ್ಕಾರಿ ಪತ್ರಗಳನ್ನು ಓದುತ್ತಿದ್ದೆ. ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಒಂದು ಪುಟ ಮುಗಿಸುವಷ್ಟರಲ್ಲಿ ಇಪ್ಪತ್ತು ಸಲ ಫೋನಿನಲ್ಲಿ ಅರ್ಥ ಹುಡುಕಬೇಕು, ಅಂಥ ಇಂಗ್ಲಿಷು. ಆದರೂ ಬಿಡಲಾಗಲಿಲ್ಲ. ಅರಸೀಕೆರೆಯ ಮೇಲೆ ಹಾದು, ಹರಿಹರದ ಹೊಳೆ ದಾಟಿ ಬ್ರಿಟಿಷರ ಪ್ರಾಂತ್ಯಕ್ಕೆ ಹೋಗುವ ಹಳಿ ಯಾರದ್ದು ಎಂದು ಎರಡು ಸರ್ಕಾರಗಳು ವರ್ಷಗಟ್ಟಲೆ ಚೌಕಾಸಿ ನಡೆಸಿದ್ದವು. ನೆಲವೇನೋ ಮೈಸೂರು ಸಂಸ್ಥಾನದ್ದು. ಆದರೆ ಆ ನೆಲದ ಮೇಲಿನ ಪೊಲೀಸು, ಕೋರ್ಟು ಬ್ರಿಟಿಷರದ್ದು. ಅಂದರೆ ಬೇಲಿ ದಾಟಿ ಹಳಿಯ ಕಡೆ ಒಂದು ಹೆಜ್ಜೆ ಇಟ್ಟರೆ ನಿಮ್ಮನ್ನು ಹಿಡಿಯುವವನೇ ಬೇರೆ! ಅದನ್ನೆಲ್ಲ ಮೈಸೂರಿನವರು ವಾಪಸ್ ಕೇಳಿದಾಗ ಬೇಲಿ, ಬಾವಿ, ಕ್ವಾರ್ಟರ್ಸು, ಒಂದೊಂದಕ್ಕೂ ವಾದ. ನಾನು ಕ್ರಿಕೆಟ್ ಮ್ಯಾಚ್ ನೋಡುವವಳಂತೆ ಮೈಸೂರಿನ ಪರವಾಗಿ ಕೂತು ಓದುತ್ತಿದ್ದೆ.

ಇಂಥದ್ದೆಲ್ಲ ಬರೆದು ಹಾಕಲು ಫೋನಿನಲ್ಲಿ ಒಂದು ಪುಟ ಮಾಡಿಕೊಂಡಿದ್ದೆ. ಓದುವವರು ಕಡಿಮೆ. ಒಂದು ಭಾನುವಾರ ಬಾಣಾವರದ ದಿಕ್ಕಿಗೆ ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆಯುತ್ತಿದ್ದಾಗ, ಒಂದು ಮನೆಯ ಹಿತ್ತಿಲಲ್ಲಿ ಹೆಂಗಸೊಬ್ಬರು ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಕಲ್ಲಿನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಕೆತ್ತಿದ್ದು ಕಂಡಿತು. ರೈಲ್ವೆ ಜಾಗದ ಅಂಚಿಗೆ ನೆಡುತ್ತಿದ್ದ ಗಡಿಕಲ್ಲು! ನನಗೆ ಮೈ ಜುಮ್ಮೆಂದಿತು.

"ಅಮ್ಮಾ, ಈ ಕಲ್ಲು ಎಲ್ಲಿಂದ ಬಂತು?"

"ನಮ್ ಮಾವ ಗಾಡಿ ಮೇಲೆ ಹೇರ್ಕಂಡ್ ಬಂದಿದ್ದಂತೆ ಕಣವ್ವ. ಎಲ್ಲೋ ಹಳಿ ಪಕ್ಕ ಬಿದ್ದಿತ್ತಂತೆ. ಯಾಕೆ, ನಿಂಗೂ ಬಟ್ಟೆ ಒಗ್ಯಾದ್ ಐತಾ?"

ಇದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಈಗ ಹೇಳುವಂತಿಲ್ಲ. ಆದರೂ ಫೋಟೋಗೆ ಮಲಗಿದ ಕಲ್ಲು ಚೆನ್ನಾಗಿರುವುದಿಲ್ಲ ಅನ್ನಿಸಿ, ನಿಲ್ಲಿಸೋಣವಾ ಎಂದು ಕೇಳಿದೆ. ಆಕೆ ನಗುತ್ತಲೇ ಗುದ್ದಲಿ ತಂದರು. ಹಿತ್ತಿಲ ಬಾಗಿಲ ಪಕ್ಕದ ಮೆತ್ತನೆ ಜಾಗದಲ್ಲಿ ನಾನು ಗುಂಡಿ ತೋಡಿದೆ, ಆಕೆ ಮಣ್ಣು ತುಂಬಿ ತುಳಿದರು. "ನಿಂತ್ಕಂಡ್ರೆ ಏನೋ ದೇವ್ರಂಗ್ ಕಾಣ್ತದೆ, ಬಿಡು, ಹಂಗೇ ಇರ್ಲಿ" ಎಂದರು. ಕಾಫಿ ಕೊಟ್ಟು, ನಾನು ಯಾವ ಅಂಗಡಿಯಲ್ಲಿರುವುದೆಂದು ಕೇಳಿಕೊಂಡರು.

ಆ ಸಂಜೆ ಬರೆದೆ: ಮೈಸೂರಿನ ಕಾನೂನು ಮುಗಿದು ಬ್ರಿಟಿಷರ ಕಾನೂನು ಶುರುವಾಗುತ್ತಿದ್ದ ಕಲ್ಲು ಇದು, ನೆಟ್ಟ ಜಾಗದಲ್ಲೇ ಇವತ್ತಿಗೂ ನಿಂತಿದೆ. ಎಲ್ಲಿಂದಲೋ ಹೇರಿಕೊಂಡು ಬಂದ ಕಲ್ಲು ಎಂದು ಬರೆದಿದ್ದರೆ ಯಾರು ಓದುತ್ತಿದ್ದರು? ಓದಿದರು. ನೂರಾರು ಜನ ಹಂಚಿಕೊಂಡರು. ನಾನು ರಾತ್ರಿ ಊಟ ಮರೆತು ಲೈಕ್ ಎಣಿಸಿದೆ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆಕೆ ಅಂಗಡಿಗೆ ಬಂದರು. ಕೈಯಲ್ಲಿ ಮಡಿಸಿದ ಪ್ರಿಂಟು.

"ಇದು ನೀನ್ ಬರ್ದಿರಾದಂತೆ. ಓದ್ ಹೇಳು."

ನನ್ನದೇ ಸಾಲುಗಳು. ಕೆಳಗೆ ಕಲ್ಲಿನ ಫೋಟೋ. ಆಕೆಯ ಪಕ್ಕದ ತೋಟದವರು ಅದರದೇ ಇನ್ನೊಂದು ಪ್ರತಿಯನ್ನು ಅಳತೆಗೆ ಬರುವವರ ಕೈಗೆ ಕೊಟ್ಟಿದ್ದರು. ಹಳಿ ಪಕ್ಕದ ಮನೆಗಳ ಜಾಗ ಅಳೆದು ಯಾರದ್ದು ಎಷ್ಟು ಎಂದು ಗೊತ್ತುಮಾಡುವ ಕೆಲಸ ನಡೆಯುತ್ತಿತ್ತು. ಆಕೆಯ ಮನೆ ಹೋದರೆ ತೋಟದವರಿಗೆ ಟ್ರ್ಯಾಕ್ಟರ್ ಹೋಗುವಷ್ಟು ದಾರಿ. ಕಲ್ಲು ನಿಂತ ಜಾಗವೇ ಗಡಿ ಎಂದಾದರೆ ಅಲ್ಲಿಂದ ಹಳಿಯ ಕಡೆಗಿರುವ ಆಕೆಯ ಅಡುಗೆಮನೆ, ಬಚ್ಚಲು, ಎರಡು ತೆಂಗಿನಮರ ಎಲ್ಲ ರೈಲ್ವೆ ನೆಲ.

ನಾನು ಓದಿದೆ. "ನೆಟ್ಟ ಜಾಗದಲ್ಲೇ" ಅನ್ನುವುದನ್ನೂ ಬಿಡದೆ ಓದಿದೆ.

"ನಾನೇ ಅಲ್ವಾ ಮಣ್ ತುಂಬಿದ್ದು?" ಎಂದರು ಆಕೆ. ಬೈದಿದ್ದರೆ ಹಗುರಾಗುತ್ತಿತ್ತು. "ಓದಿರೋಳು ನೀನು. ಹಿಂಗ್ಯಾಕೆ ಬರ್ದೆ?"

ಚೆನ್ನಾಗಿ ಕಾಣಲಿ ಅಂತ, ಅಷ್ಟೇ. ಬರಹವನ್ನು ಅಲ್ಲೇ ಅಳಿಸಿದೆ. ಅಳಿಸಿ ಏನು ಬಂತು, ಪ್ರಿಂಟು ಆಕೆಯ ಕೈಯಲ್ಲೇ ಇತ್ತಲ್ಲ. ವಾರವೆಲ್ಲ ಆ ಹಳೆಯ ಪತ್ರಗಳನ್ನು ಮತ್ತೆ ಜಾಲಾಡಿದೆ, ಆ ಜಾಗದ ನಕ್ಷೆ ಸಿಕ್ಕೀತೇ ಎಂದು. ನಕ್ಷೆ ಲಗತ್ತಿಸಿದೆ ಎಂದು ಪತ್ರದಲ್ಲಿತ್ತು, ಸ್ಕ್ಯಾನಿನಲ್ಲಿ ನಕ್ಷೆಯೇ ಇರಲಿಲ್ಲ. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಇಷ್ಟು ಪುಟಗಳಲ್ಲಿ ಬೇಲಿಯ ಪಕ್ಕ ಬದುಕುತ್ತಿದ್ದವರ ಒಂದೇ ಒಂದು ಮಾತೂ ಇರಲಿಲ್ಲ. ಮೊದಲ ಸಲ ಓದುವಾಗ ನನಗೆ ಅದು ಕೊರತೆ ಅನ್ನಿಸಿರಲೇ ಇಲ್ಲ.

ಅಳತೆಯ ದಿನ ಅಂಗಡಿಗೆ ರಜೆ ಹಾಕಿ ಹೋದೆ. ಸರ್ವೆಯವರು ಕಲ್ಲಿನ ಪಕ್ಕ ಸರಪಳಿ ಬಿಡಿಸುತ್ತಿದ್ದರು. ಎಲ್ಲರೆದುರು ಹೇಳಿದೆ: "ಸಾರ್, ಈ ಕಲ್ಲನ್ನ ಇಲ್ಲಿ ನೆಟ್ಟಿದ್ದು ನಾನು. ಫೋಟೋಗೋಸ್ಕರ."

ತೋಟದವರು ನಕ್ಕರು. "ನೋಡ್ರಪ್ಪಾ! ಅವತ್ತು ಬರ್ದಿದ್ದು ಸುಳ್ಳಂತೆ, ಇವತ್ ಹೇಳ್ತಿರಾದು ನಿಜವಂತೆ. ಕಾಫಿ ಕುಡ್ಸಿದ್ರೆ ನಾಳೆ ಇನ್ನೇನ್ ಹೇಳ್ತೀಯವ್ವ?"

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಸರ್ವೆಯವರು ಹಣೆ ಒರೆಸಿಕೊಂಡು, "ಬಾಯಿ ಮಾತು ನಡೆಯಲ್ಲ. ಬರೆದು ಕೊಡಿ. ಕಲ್ಲು ನೆಡೋವಾಗ ಜೊತೆಗಿದ್ದೋರು ಯಾರು?" ಎಂದರು.

"ನಾನೇ" ಎಂದರು ಆಕೆ.

"ನೀವೂ ಸೈನ್ ಹಾಕಬೇಕಾಗುತ್ತಮ್ಮ. ರೈಲ್ವೆ ಕಲ್ಲನ್ನ ನಿಮ್ಮ ಮನೆಯೋರು ಬೇರೆ ಕಡೆಯಿಂದ ತಂದಿದ್ದು, ನೀವು ಇಲ್ಲಿ ನಿಲ್ಲಿಸಿದ್ದು ಅಂತ."

ಅದು ಕೇಳುವಾಗಲೇ ನನಗೆ ಹೊಳೆದದ್ದು. ನನ್ನ ಸುಳ್ಳನ್ನು ಬಿಡಿಸಲು ಆಕೆ ತನ್ನ ಮಾವ ರೈಲ್ವೆಯ ಸ್ವತ್ತು ಎತ್ತಿಕೊಂಡು ಬಂದರೆಂದು ತಾನೇ ಬರೆದು ಕೊಡಬೇಕು. ಹಾಳೆಯನ್ನು ಗೋಡೆಯ ಮೇಲಿಟ್ಟು ಬರೆದೆ, ಅಕ್ಷರ ಸೊಟ್ಟಗಾದವು. ಪೂರ್ತಿ ಓದಿ ಹೇಳಿದೆ. ಒಂದು ಪದವನ್ನೂ ಚೆಂದ ಮಾಡಲಿಲ್ಲ.

"ಇದ್ರಿಂದ ನನ್ ಅಡ್ಗೆಮನೆ ಉಳೀತದಾ?"

"ಗೊತ್ತಿಲ್ಲಮ್ಮ."

ಆಕೆ ಪೆನ್ನು ತೆಗೆದುಕೊಂಡರು. "ನಿನ್ ಮಾತ್ ನಂಬ್ಕಂಡ್ ಹಾಕ್ತಿಲ್ಲ ಕಣೇ. ನಡ್ದಿದ್ದು ಹಿಂಗೇ, ಅದ್ಕೆ ಹಾಕ್ತಾ ಇವ್ನಿ."

ತೀರ್ಮಾನ ಇನ್ನೂ ಬಂದಿಲ್ಲ. ಫೈಲು ಯಾವ ಮೇಜಿನ ಮೇಲಿದೆ ಎಂದು ವಾರಕ್ಕೊಮ್ಮೆ ಕಚೇರಿಗೆ ಹೋಗಿ ವಿಚಾರಿಸುವುದು ಈಗ ನನ್ನ ಕೆಲಸ. ವಿಚಾರಿಸಿ ಬಂದು ಆಕೆಗೆ ಫೋನ್ ಮಾಡುತ್ತೇನೆ. ಆಕೆ ಹೂಂ ಅನ್ನುತ್ತಾರೆ, ಅಷ್ಟೇ, ಇಟ್ಟುಬಿಡುತ್ತಾರೆ.